ಇಂಗ್ಲೆಂಡಿನ ಪಿಜಿಸಿಇ: ಬಿ.ಎಡ್. ಆದವರಿಗೆ ಇದು ಬೇಕಾ? (ಐದಕ್ಕೆ ಮೂರೂವರೆ)

ಊರಲ್ಲಿ ಬಿ.ಎಡ್. ಮುಗಿಸಿ ಗಣಿತವನ್ನೋ ವಿಜ್ಞಾನವನ್ನೋ ಪಾಠ ಮಾಡುತ್ತಿರುವವರು ಪಿಜಿಸಿಇ ಅನ್ನುವ ಈ ಒಂದು ವರ್ಷದ ಶಿಕ್ಷಕ ತರಬೇತಿ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ವಿಷಯ ತಿಳಿದಿರಲಿ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಬೆಲೆ ಇರುವುದು ಕ್ಯೂಟಿಎಸ್ ಅನ್ನುವ ಶಿಕ್ಷಕ ಮಾನ್ಯತೆಗೆ. 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆಯೂ ಅನುಭವವೂ ಇರುವ ಭಾರತದ ಶಿಕ್ಷಕರು 2023ರಿಂದ ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಸಮಾಜ ವಿಜ್ಞಾನದವರಿಗೆ ಈ ದಾರಿ ಇಲ್ಲ. ಇನ್ನು ಆನ್‌ಲೈನಲ್ಲಿ ಸಿಗುವ ಐಪಿಜಿಸಿಇ, ಅಂದರೆ ಅಂತಾರಾಷ್ಟ್ರೀಯ ಪಿಜಿಸಿಇ, ಮಾಡಿದರೆ ಕ್ಯೂಟಿಎಸ್ ಬರುವುದಿಲ್ಲ. ಏಜೆಂಟರು ಇದೊಂದನ್ನು ಮಾತ್ರ ಮೆಲ್ಲಗೆ ಹೇಳುತ್ತಾರೆ.

ಇಷ್ಟಾದ ಮೇಲೂ ಇಂಗ್ಲೆಂಡಿಗೆ ಹೋಗಿ ಮಾಡುವ ಕೋರ್ಸೇ ಬೇಕೆಂದರೆ, ಕೊಟ್ಟ ದುಡ್ಡು ವಸೂಲಾಗುವುದು ಶಾಲೆಯಲ್ಲಿ. ಒಂದು ವರ್ಷದಲ್ಲಿ 120 ದಿನಕ್ಕೆ ಕಡಿಮೆಯಿಲ್ಲದಂತೆ, ಕನಿಷ್ಠ ಎರಡು ಶಾಲೆಗಳಲ್ಲಿ ತರಬೇತಿ. ದಪ್ಪ ರೆಕಾರ್ಡ್ ಬರೆದು, ಚಾರ್ಟ್ ಅಂಟಿಸಿ, ಸಹಿ ಹಾಕಿಸಿಕೊಂಡರೆ ಮುಗಿಯುವ ಲೆಕ್ಕವಲ್ಲ ಇದು. ಮೆಂಟರ್, ಅಂದರೆ ಶಾಲೆಯ ಮಾರ್ಗದರ್ಶಿ ಶಿಕ್ಷಕರು, ಕ್ಲಾಸಿನ ಹಿಂದೆ ಕೂತು ಮೇಷ್ಟ್ರಿಗಿಂತ ಹೆಚ್ಚಾಗಿ ಮಕ್ಕಳನ್ನು ಗಮನಿಸುತ್ತಾರೆ.

ಭಿನ್ನರಾಶಿ ಸಂಕಲನವನ್ನೇ ತಗೊಳ್ಳಿ. 1/2 + 1/3 ಎಷ್ಟು ಅಂತ ಕೇಳಿದಾಗ ಕೈ ಎತ್ತಿದ ಮಗು 5/6 ಅಂದರೆ ನಮಗೆ ಸಮಾಧಾನ, ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಅಲ್ಲಿ ಪ್ರತಿ ಮಗುವಿನ ಕೈಯಲ್ಲೂ ಎ4 ಅಳತೆಯ ಒಂದು ಬಿಳಿ ಹಲಗೆ. 'ತೋರಿಸಿ' ಅಂದಾಗ ಎಲ್ಲ ಹಲಗೆಗಳೂ ಒಟ್ಟಿಗೆ ಮೇಲೇಳಬೇಕು. ಹತ್ತು ಹಲಗೆಗಳಲ್ಲಿ 2/5 ಕಂಡರೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. 2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆಯಾಗುತ್ತದಾ ಅಂತ ಕೇಳಿ ಪಾಠ ತಿರುಗಿಸಬೇಕು. ಇಂಥ ತಪ್ಪು ಬರಬಹುದೆಂದು ಪಾಠಯೋಜನೆಯಲ್ಲಿ ಮೊದಲೇ ಬರೆದಿರದಿದ್ದರೆ, ಪಾಠ ಮುಗಿದ ಮೇಲೆ ಮೆಂಟರ್ ಅಲ್ಲಿಂದಲೇ ಶುರುಮಾಡುತ್ತಾರೆ.

ನಮ್ಮವರು ಎಡವುವುದು ಅಸೈನ್‌ಮೆಂಟಿನಲ್ಲಿ. ಮಕ್ಕಳ ಕಲಿಕೆಯ ಸಿದ್ಧಾಂತ ಬರೆದ ಪಿಯಾಜೆ ಹೀಗಂದ, ವೈಗೋಟ್‌ಸ್ಕಿ ಹಾಗಂದ ಅಂತ ಪುಟ ತುಂಬಿಸಿದರೆ ಅಂಕ ಬೀಳುವುದಿಲ್ಲ. ಆ ಮಾತು ನಿಮ್ಮ ಕ್ಲಾಸಿನಲ್ಲಿ ಎಲ್ಲಿ ನಡೆಯಿತು, ಎಲ್ಲಿ ಕೈಕೊಟ್ಟಿತು, ಯಾಕೆ ಅನ್ನುವುದು ಬೇಕು. ಓದಿದ ಪುಟದ ಸಂಖ್ಯೆಯನ್ನು ಆಗಿಂದಾಗ್ಗೆ ಗುರುತು ಹಾಕಿಕೊಳ್ಳಿ. ಕೊನೇ ರಾತ್ರಿ ಆಕರ ಹುಡುಕುವಾಗಲೇ ಕೃತಿಚೌರ್ಯದ ಎಡವಟ್ಟು ಆಗುವುದು. ಕ್ಯೂಟಿಎಸ್‌ಗೆ ಬೇಕಾದ ಎಂಟು ಶಿಕ್ಷಕ ಮಾನದಂಡಗಳಿಗೆ ಪುರಾವೆ ಜೋಡಿಸುವ ಕೆಲಸವೂ ಹಾಗೇ, ಶುಕ್ರವಾರಕ್ಕೊಮ್ಮೆ ಮಾಡಿದರೆ ಭಾರವಾಗದು.

ದಾಖಲೆ ಪತ್ರಗಳಿಗೆ ಆರು ತಿಂಗಳು ಇಟ್ಟುಕೊಳ್ಳಿ. ಪದವಿಗೆ, ವಿದೇಶಿ ಪದವಿಗಳನ್ನು ಅಲ್ಲಿನ ಪದವಿಗೆ ಹೋಲಿಸುವ ಯುಕೆ ಎನಿಕ್ ಸಂಸ್ಥೆಯ ತುಲನಾ ಪತ್ರ ಕೇಳಬಹುದು. ಇಂಗ್ಲಿಷ್, ಗಣಿತಗಳಲ್ಲಿ ಜಿಸಿಎಸ್‌ಇ (ಅಲ್ಲಿನ ಮಕ್ಕಳು 16ರ ಹೊತ್ತಿಗೆ ಬರೆಯುವ ಪರೀಕ್ಷೆ) 4ನೇ ಗ್ರೇಡಿಗೆ ಸಮನಾದದ್ದು ಇರಬೇಕು. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಾಕೋ, ಬೇರೆ ಪರೀಕ್ಷೆ ಬರೆಯಬೇಕೋ ಅಂತ ವಿಶ್ವವಿದ್ಯಾಲಯದಿಂದ ಇಮೇಲಿನಲ್ಲೇ ಬರೆಸಿಕೊಳ್ಳಿ. ಫೋನಿನ ಮಾತು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ. ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಇಲ್ಲಿಂದ ಹೊರಡುವ ಮೊದಲೇ ಕೈಯಲ್ಲಿರಲಿ.

ಅರ್ಧ ಅಂಕ ಕಳೆದದ್ದು ಓಡಾಟಕ್ಕೆ. ಶಾಲೆಯನ್ನು ಅವರೇ ಗೊತ್ತುಮಾಡುತ್ತಾರೆ, ಎರಡು ಬಸ್ ಬದಲಾಯಿಸುವ ದೂರವೂ ಇರಬಹುದು. ಡಿಸೆಂಬರಿನಲ್ಲಿ ಕತ್ತಲಲ್ಲೇ ಹೊರಟು ಕತ್ತಲಲ್ಲೇ ವಾಪಸ್. ಇನ್ನೊಂದು ಅಂಕ ಕಳೆದದ್ದು ಊರಿಗೆ ಮರಳುವವರ ಲೆಕ್ಕದಲ್ಲಿ: ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇಯ 2014ರ ನಿಯಮದ ಪ್ರಕಾರ ನಮ್ಮ ಬಿ.ಎಡ್. 2 ವರ್ಷದ್ದು, ಇದು 1 ವರ್ಷದ್ದು. ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಗಳಿಗೆ ಅರ್ಜಿ ಹಾಕಲು ಸರಿ, ಸರ್ಕಾರಿ ಹುದ್ದೆಗೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಮಾಸ್ಟರ್ಸ್ ಮಾಡುವ ಯೋಚನೆಯಿದ್ದರೆ ಅದಕ್ಕೆ ಬೇಕಾದ 180 ಕ್ರೆಡಿಟ್ಟಿನಲ್ಲಿ ಸಾಮಾನ್ಯವಾಗಿ 60 ಈ ಕೋರ್ಸಿನಲ್ಲೇ ಸಿಕ್ಕಿರುತ್ತದೆ. ಎಷ್ಟು ವರ್ಷದೊಳಗೆ ಬಳಸಿಕೊಳ್ಳಬೇಕು ಅನ್ನುವುದನ್ನು ಸೇರುವಾಗಲೇ ಕೇಳಿ.