ಅಗ್ಗದ್ದು, ದುಬಾರಿಯದ್ದು, ಹಳೆಯದ್ದು: ಮೂರನ್ನೂ ಬಳಸಿ ನೋಡಿದ ಮೇಲೆ

ಒಂಬತ್ತು ವರ್ಷದ ಹಿಂದೆ ನನ್ನ ಹತ್ತಿರ ಆರು ಜೋಡಿ ಶೂ ಇದ್ದವು. ಒಂದು ದಿನ ಮಳೆ ಬಂತು, ಹಾಕಿಕೊಂಡು ಹೋಗೋಕೆ ಒಂದೂ ಇರಲಿಲ್ಲ. ಒಂದರ ಅಟ್ಟೆ ಬಾಯಿ ಬಿಟ್ಟಿತ್ತು. ಇನ್ನೊಂದರ ಹಿಮ್ಮಡಿ ಒಂದೇ ಕಡೆ ಸವೆದಿತ್ತು. ಮತ್ತೊಂದು ಕಚ್ಚುತ್ತಿತ್ತು. ಉಳಿದ ಮೂರನ್ನು ಯಾಕೆ ಕೊಂಡೆ ಅಂತ ನೆನಪೇ ಆಗಲಿಲ್ಲ. ಕಪಾಟಿನ ತುಂಬ ಸಾಮಾನು, ಕೈಗೆ ಬೇಕಾದ್ದು ಒಂದೂ ಇಲ್ಲ. ಅವತ್ತು ನಿಜವಾಗಲೂ ಬೇಜಾರಾಯಿತು.

ಅಲ್ಲಿಂದ ಕಡಿಮೆ ಕೊಳ್ಳೋಕೆ ಶುರು ಮಾಡಿದೆ. ಆದರೆ "ಕಡಿಮೆ ಕೊಳ್ಳಿ, ಒಳ್ಳೆಯದು ಕೊಳ್ಳಿ" ಅನ್ನುವವರು ಯಾರೂ ಒಳ್ಳೆಯದು ಅಂದರೆ ಯಾವುದು ಅಂತ ಹೇಳುವುದಿಲ್ಲ. ಜಾಸ್ತಿ ದುಡ್ಡು ಕೊಟ್ಟರೆ ಒಳ್ಳೆಯದೇ ಸಿಗುತ್ತಾ? ಯಾರೋ ಬಳಸಿ ಬಿಟ್ಟ ಹಳೆಯ ಗಟ್ಟಿ ವಸ್ತು ಸಾಲುವುದಿಲ್ವಾ? ಅಗ್ಗದ್ದನ್ನೇ ಜೋಪಾನವಾಗಿ ಬಳಸಿದರೆ ಆಗಲ್ವಾ? ಹಾಗಾಗಿ ದಿನಾ ಕೈಗೆ ಬರುವ ಕೆಲವು ವಸ್ತುಗಳಲ್ಲಿ ಈ ದಾರಿಗಳನ್ನೆಲ್ಲ ಬಳಸಿ ನೋಡಿದೆ. ಎಲ್ಲದರಲ್ಲೂ ಒಂದೇ ದಾರಿ ಗೆಲ್ಲಲಿಲ್ಲ.

ಶೂ

ಮೊದಲು ಅಗ್ಗದ್ದು. ಎರಡು ವರ್ಷದಲ್ಲಿ ಮೂರು ಜೋಡಿ ಮುಗಿದವು. ಮೂರರಲ್ಲೂ ಮೇಲ್ಭಾಗ ಚೆನ್ನಾಗಿಯೇ ಇತ್ತು, ಹೋಗಿದ್ದು ಅಟ್ಟೆ. ಕೊನೆಯದನ್ನು ಬಿಸಾಡೋಕೆ ಮನಸ್ಸಾಗದೆ ಶೂ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿದರು. ಬಿರುಕು ಬಿಟ್ಟ ಕಡೆ ಹೆಬ್ಬೆರಳು ತೂರಿಸಿ ಎಳೆದರು. ಅಟ್ಟೆ ಸಿಪ್ಪೆ ಸುಲಿದ ಹಾಗೆ ಕೈಗೆ ಬಂತು.

"ನೋಡಿ, ಇದರಲ್ಲಿ ಒಂದು ಹೊಲಿಗೆನೂ ಇಲ್ಲ. ಅಂಚಲ್ಲಿ ಕಾಣ್ತಿದೆಯಲ್ಲ, ಅದು ದಾರ ಅಲ್ಲ, ರಬ್ಬರಲ್ಲೇ ಹೊಲಿಗೆ ಥರ ಅಚ್ಚು ಹಾಕಿದ್ದಾರೆ. ಗಮ್ ಹಾಕಿ ಕೊಡ್ತೀನಿ, ಎರಡು ತಿಂಗಳು ಬರಬಹುದು. ದಬ್ಬಳ ಚುಚ್ಚೋಕೆ ಜಾಗನೇ ಇಲ್ವಲ್ಲ."

ನಾನು ಅದೇ ಹೊಲಿಗೆಯನ್ನು ನೋಡಿ ಗಟ್ಟಿ ಇರುತ್ತೆ ಅಂದುಕೊಂಡು ಕೊಂಡಿದ್ದೆ. ಆ ಮಾತು ನನಗೆ ತುಂಬ ದಿನ ಕೊರೆಯಿತು.

ಇನ್ನೊಂದು ಜೋಡಿಯನ್ನು ಒಳ್ಳೆಯ ದಿನಕ್ಕೆ ಅಂತ ಡಬ್ಬದಲ್ಲೇ ಇಟ್ಟಿದ್ದೆ. ನಾಲ್ಕು ವರ್ಷ ಬಿಟ್ಟು ಹಾಕಿಕೊಂಡು ಹೊರಟರೆ ನೂರು ಹೆಜ್ಜೆಗೆ ಅಟ್ಟೆ ಒಣಗಿದ ಮಣ್ಣಿನ ಹೆಂಟೆ ಥರ ಪುಡಿಪುಡಿಯಾಯಿತು. ಆಮೇಲೆ ಗೊತ್ತಾಯಿತು, ಅದು ಪಾಲಿಯುರೆಥೇನ್ ಅನ್ನೋ ಒಂದು ಥರದ ಪ್ಲಾಸ್ಟಿಕ್ ಸೋಲ್. ಗಾಳಿಯಲ್ಲಿರುವ ತೇವಾಂಶವೇ ಅದನ್ನು ಒಳಗಿಂದ ನಿಧಾನವಾಗಿ ಮುರಿಯುತ್ತಾ ಹೋಗುತ್ತೆ. ಬಳಸದೆ ಇಟ್ಟರೆ ಉಳಿಯುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆಮೇಲೆ ದುಬಾರಿಯದ್ದು. ಇಲ್ಲೂ ಮೊದಲ ಸಲ ಮೋಸ ಹೋದೆ. ಬರೀ ಹೆಸರು ನೋಡಿ ಕೊಂಡ ಜೋಡಿಯೂ ಗಮ್ ಹಾಕಿ ಅಂಟಿಸಿದ್ದೇ ಆಗಿತ್ತು. ಹದಿನೆಂಟು ತಿಂಗಳಿಗೆ ಅದೂ ಅಗ್ಗದ್ದರ ದಾರಿಯೇ ಹಿಡಿಯಿತು. ಎರಡನೇ ಸಲ ಹೆಸರು ಬಿಟ್ಟು ಹೊಲಿಗೆ ಹುಡುಕಿದೆ. ವೆಲ್ಟ್ ಇರುವ ಶೂ ಅಂತ ಸಿಗುತ್ತದೆ. ವೆಲ್ಟ್ ಅಂದರೆ ಶೂವಿನ ಸುತ್ತ ಓಡುವ ಒಂದು ಸಪೂರ ಪಟ್ಟಿ. ಮೇಲಿನ ಚರ್ಮವನ್ನು ಈ ಪಟ್ಟಿಗೆ ಹೊಲಿಯುತ್ತಾರೆ. ಅಟ್ಟೆಯನ್ನು ಬೇರೆ ಹೊಲಿಗೆಯಿಂದ ಅದೇ ಪಟ್ಟಿಗೆ ಹೊಲಿಯುತ್ತಾರೆ. ಅಟ್ಟೆ ಸವೆದಾಗ ಕೆಳಗಿನ ಹೊಲಿಗೆ ಮಾತ್ರ ಬಿಚ್ಚಿದರೆ ಸಾಕು, ಮೇಲಿನ ಚರ್ಮಕ್ಕೆ ಏನೂ ಆಗುವುದಿಲ್ಲ. ಮೊದಲೆಲ್ಲ ಇದು ಪೂರ್ತಿ ಕೈಕೆಲಸ. 1870ರ ದಶಕದಲ್ಲಿ ಇದಕ್ಕೆ ಯಂತ್ರ ಬಂತು. ಅದರ ಹಿಂದಿದ್ದವರು ಚಾರ್ಲ್ಸ್ ಗುಡ್‌ಇಯರ್ ಜೂನಿಯರ್, ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದವರ ಮಗ. ಅದಕ್ಕೇ ಇವತ್ತಿಗೂ ಗುಡ್‌ಇಯರ್ ವೆಲ್ಟ್ ಅಂತಲೇ ಹೆಸರು.

ಬೆಲೆ ಅಗ್ಗದ್ದರ ನಾಲ್ಕು ಪಟ್ಟು. ಮೊದಲ ಮೂರು ವಾರ ಹಿಮ್ಮಡಿ ಕಚ್ಚಿ ಕಚ್ಚಿ ಸಾಕಾಯಿತು. ಒಳಗೆ ಅಟ್ಟೆಯ ಮೇಲೆ ಕಾರ್ಕ್ ಪದರ ಇರುತ್ತೆ, ಅದು ನಿಮ್ಮ ಪಾದದ ಅಚ್ಚು ಹಿಡಿಯೋಕೆ ಸಮಯ ಬೇಕು. ನಾಲ್ಕನೇ ವಾರದಿಂದ ಹಾಕಿಕೊಂಡಿದ್ದೇ ಗೊತ್ತಾಗುತ್ತಿರಲಿಲ್ಲ. ಈಗ ಐದು ವರ್ಷ. ಎರಡು ಸಲ ಅಟ್ಟೆ ಬದಲಾಗಿದೆ, ಮೇಲಿನ ಚರ್ಮ ಅದೇ.

ಇದಕ್ಕೆ ಆರೈಕೆ ಬೇಕು, ಅದನ್ನು ಮುಚ್ಚಿಡಬಾರದು. ಸತತ ಎರಡು ದಿನ ಹಾಕುವ ಹಾಗಿಲ್ಲ, ಬೆವರು ಹೀರಿದ ಚರ್ಮ ಒಣಗೋಕೆ ಒಂದು ದಿನ ಬೇಕು. ನೆನೆದರೆ ಒಳಗೆ ಕಾಗದ ತುರುಕಿ ನೆರಳಲ್ಲಿ ಇಡಬೇಕು. ಬಿಸಿಲಿಗೆ ಇಟ್ಟರೆ ಚರ್ಮ ಸೀಳುತ್ತೆ. ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಪಾಲಿಶ್ ಮಾಡಬೇಕು. ನನಗೆ ಈಗ ಆ ಹತ್ತು ನಿಮಿಷ ಇಷ್ಟ. ಸುಮ್ನೆ ಕೂತು ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವುದೇ ಬಿಟ್ಟುಹೋಗಿತ್ತು.

ಹಳೆಯ ಶೂ ಮಾತ್ರ ನನಗೆ ಆಗಲಿಲ್ಲ. ಯಾರೋ ಬಳಸಿದ, ತುಂಬ ಚೆನ್ನಾಗಿ ಮಾಡಿದ ಜೋಡಿ ಕಡಿಮೆ ಬೆಲೆಗೆ ಸಿಕ್ಕಿತ್ತು. ಆದರೆ ಅದರ ಕಾರ್ಕ್ ಇನ್ನೊಬ್ಬರ ಪಾದದ ಅಚ್ಚು ಹಿಡಿದಾಗಿತ್ತು. ನಾಲ್ಕು ತಿಂಗಳು ನಡೆದೆ, ಎಡಗಾಲಿನ ಕಿರುಬೆರಳು ಒಪ್ಪಲಿಲ್ಲ. ಅದು ಸರಿಹೊಂದುವವರಿಗೆ ಕೊಟ್ಟುಬಿಟ್ಟೆ.

ಬಾಣಲೆ

ಹಳೆಯದ್ದು ಇಲ್ಲಿ ಗೆದ್ದಿತು, ಅದೂ ಸುಲಭವಾಗಿ.

ನಾನ್‌ಸ್ಟಿಕ್ ಬಾಣಲೆ ಎರಡು ತಂದಿದ್ದೆ, ಒಂದು ಅಗ್ಗದ್ದು, ಒಂದು ದುಬಾರಿ. ದುಬಾರಿಯದ್ದರ ತಳ ದಪ್ಪ, ಹಿಡಿ ಭದ್ರ. ಆದರೆ ಎರಡರ ಆಯಸ್ಸೂ ಮೇಲಿನ ಲೇಪದ ಮೇಲೇ ನಿಂತಿದೆ. ಆ ಲೇಪ ಟೆಫ್ಲಾನ್, 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡೋಕೆ ಶುರುವಾಗುತ್ತೆ. ಖಾಲಿ ಬಾಣಲೆಯನ್ನು ದೊಡ್ಡ ಉರಿಯ ಮೇಲೆ ಮರೆತರೆ ಕೆಲವೇ ನಿಮಿಷದಲ್ಲಿ ಅಷ್ಟು ಕಾಯುತ್ತದೆ. ಒಮ್ಮೆ ಗೀರು ಬಿದ್ದು ಲೇಪ ಎದ್ದರೆ ಮನೆಯಲ್ಲಿ ಸರಿಮಾಡೋಕೆ ದಾರಿಯಿಲ್ಲ. ನನ್ನ ಅಗ್ಗದ್ದು ಒಂದೂವರೆ ವರ್ಷ ಬಂತು, ದುಬಾರಿಯದ್ದು ಮೂರು ವರ್ಷ. ಬೆಲೆ ಮೂರು ಪಟ್ಟು, ಆಯಸ್ಸು ಎರಡು ಪಟ್ಟು.

ಅಷ್ಟರಲ್ಲಿ ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಬಿಸಾಡೋಕೆ ಇಟ್ಟಿದ್ದ ಬೀಡು ಕಬ್ಬಿಣದ ಬಾಣಲೆ ಸಿಕ್ಕಿತು. ಪೂರ್ತಿ ತುಕ್ಕು. ಮುಟ್ಟಿದರೆ ಕೈಯೆಲ್ಲ ಕೆಂಪು. ಉಕ್ಕಿನ ನಾರಿನಿಂದ ಒಂದು ಗಂಟೆ ಉಜ್ಜಿದೆ. ಮೊದಲು ಕೆಂಪು ನೀರು, ಆಮೇಲೆ ಕಂದು ನೀರು, ಕೊನೆಗೆ ಬೂದು ಬಣ್ಣದ ಲೋಹ ಕಂಡಿತು. ತೊಳೆದು ತಕ್ಷಣ ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿದೆ. ಆಮೇಲೆ ಪಳಗಿಸುವುದು. ಎಣ್ಣೆ ಸವರಿ, ಸವರಿಯೇ ಇಲ್ಲವೇನೋ ಅನ್ನುವಷ್ಟು ಒರೆಸಿ ತೆಗೆದು, ಹೊಗೆಯಾಡುವ ತನಕ ಕಾಯಿಸಬೇಕು. ಕಾದ ಎಣ್ಣೆ ಲೋಹಕ್ಕೆ ಅಂಟಿಕೊಂಡು ಗಟ್ಟಿ ಪದರವಾಗುತ್ತೆ. ಎಣ್ಣೆ ಜಾಸ್ತಿಯಾದರೆ ಜಿಗುಟು ನಿಲ್ಲುತ್ತೆ. ನಾನು ಮೊದಲ ಸಲ ಅದೇ ತಪ್ಪು ಮಾಡಿ ಮತ್ತೆ ಪೂರ್ತಿ ಉಜ್ಜಬೇಕಾಯಿತು. ಐದು ಸಲ ಕಾಯಿಸಿದ ಮೇಲೆ ಮಿರಮಿರ ಕಪ್ಪು ಬಂತು.

ಈ ಬಾಣಲೆಗೂ ದೋಷಗಳಿವೆ. ಭಾರ, ಒಂದು ಕೈಯಲ್ಲಿ ಎತ್ತೋಕೆ ಕಷ್ಟ. ನಿಧಾನಕ್ಕೆ ಕಾಯುತ್ತೆ. ಹುಳಿ ಪದಾರ್ಥವನ್ನು ತುಂಬ ಹೊತ್ತು ಬೇಯಿಸಿದರೆ ಪದರ ಹೋಗುತ್ತೆ. ನೀರಲ್ಲಿ ನೆನೆಸಿಟ್ಟರೆ ಬೆಳಿಗ್ಗೆಗೆ ತುಕ್ಕು. ಆದರೆ ನಾನು ಏನೇ ತಪ್ಪು ಮಾಡಿದರೂ ನಾನೇ ಸರಿಮಾಡಬಹುದು. ಮಣಿಕಟ್ಟು ನೋವಿರುವವರಿಗೆ ಮಾತ್ರ ಇದನ್ನು ಹೇಳಲಾರೆ. ಅವರಿಗೆ ಹಗುರದ ಬಾಣಲೆಯೇ ಸರಿ.

ಹೆಡ್‌ಫೋನ್

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬಂದಿದೆ.

ಶಬ್ದ ಅದ್ಭುತ, ಕೂತರೆ ಹೂವಿನಷ್ಟು ಹಗುರ ಅಂತ ಒಂದು ದುಬಾರಿ ವೈರ್‌ಲೆಸ್ ಜೋಡಿ ಕೊಂಡೆ. ಎರಡು ವರ್ಷಕ್ಕೆ ಬ್ಯಾಟರಿ ಅರ್ಧ ದಿನವೂ ನಿಲ್ಲದ ಹಾಗಾಯಿತು. ಇದು ಲಿಥಿಯಂ ಬ್ಯಾಟರಿಯ ಸ್ವಭಾವ, ಚಾರ್ಜ್ ಮಾಡಿ ಖಾಲಿ ಮಾಡಿದಷ್ಟೂ ಅದರ ಶಕ್ತಿ ಕುಗ್ಗುತ್ತದೆ. ಅದರಲ್ಲಿ ತಪ್ಪಿಲ್ಲ. ಬ್ಯಾಟರಿ ಬದಲಾಯಿಸೋಣ ಅಂತ ಹೋದರೆ ಅದನ್ನು ಒಳಗೆ ಗೋಂದು ಹಾಕಿ ಕೂರಿಸಿದ್ದಾರೆ. ಸ್ಕ್ರೂ ಒಂದೂ ಇಲ್ಲ. ಕವಚ ಒಡೆಯದೆ ತೆಗೆಯೋಕೆ ಬರುವುದಿಲ್ಲ. ಉಳಿದದ್ದೆಲ್ಲ ಹೊಸದರಂತಿದೆ, ಆದರೂ ಕಸಕ್ಕೆ ಹೋಗಬೇಕು.

ಅದರ ಕಾಲು ಭಾಗ ಬೆಲೆಯ ತಂತಿ ಹೆಡ್‌ಫೋನ್ ಆರು ವರ್ಷದಿಂದ ನನ್ನ ಹತ್ತಿರ ಇದೆ. ತಂತಿಯನ್ನು ಎಳೆದು ತೆಗೆದು ಬೇರೆ ಹಾಕಬಹುದು, ಒಮ್ಮೆ ಬದಲಾಯಿಸಿದ್ದೇನೆ. ಕಿವಿಯ ಮೆತ್ತೆ ಎರಡು ಸಲ ಬದಲಾಗಿದೆ. ಶಬ್ದ ಸ್ವಲ್ಪ ಕಮ್ಮಿ, ನಿಜ. ತಂತಿ ಬಾಗಿಲ ಹಿಡಿಗೆ ಸಿಕ್ಕಿಕೊಳ್ಳುವುದೂ ನಿಜ. ಆದರೂ ಇದನ್ನೇ ಆರಿಸುತ್ತೇನೆ.

ಕಾನೂನು ನಿಧಾನವಾಗಿ ಈ ಕಡೆ ತಿರುಗುತ್ತಿದೆ. ಫ್ರಾನ್ಸ್ 2021ರಿಂದ ಫೋನ್, ಲ್ಯಾಪ್‌ಟಾಪ್, ಟಿವಿಯಂಥ ಕೆಲವು ವಸ್ತುಗಳ ಮೇಲೆ ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ ಹತ್ತಕ್ಕೆ ಅಂಕ ಬರೆಯೋದನ್ನು ಕಡ್ಡಾಯ ಮಾಡಿತು. ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದ ಪ್ರಕಾರ, 2027ರ ಫೆಬ್ರವರಿಯಿಂದ ಇಂಥ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವ ಹಾಗಿರಬೇಕು. ಕೆಲವು ವಿನಾಯಿತಿಗಳಿವೆ. ಆದರೂ ಈ ಮಾತು ಕಾನೂನಿನ ಪುಸ್ತಕಕ್ಕೆ ಬಂತಲ್ಲ ಅಂತ ನನಗೆ ಖುಷಿ.

ಉಳಿದವು

ಅಂಗಿಯಲ್ಲಿ ನಾನು ಮೊದಲು ನೋಡುವುದು ಕಾಲರ್. ಅಗ್ಗದ ಅಂಗಿಗಳಲ್ಲಿ ಒಳಪದರವನ್ನು ಬಿಸಿ ಮಾಡಿ ಅಂಟಿಸಿರುತ್ತಾರೆ. ಅಂಟು ಸರಿಯಿಲ್ಲದಿದ್ದರೆ ಹತ್ತು ಒಗೆತಕ್ಕೆ ಅದು ಬಿಟ್ಟುಕೊಂಡು ಕಾಲರ್ ಮೇಲೆ ಗುಳ್ಳೆ ಏಳುತ್ತೆ. ಇಸ್ತ್ರಿ ಎಷ್ಟು ತೀಡಿದರೂ ಹೋಗುವುದಿಲ್ಲ. ಒಳ್ಳೆಯ ಅಂಗಿಯ ಕಾಲರ್ ಮಡಿಕೆಯಲ್ಲಿ ಸವೆದರೆ ದರ್ಜಿ ಅದನ್ನು ಬಿಚ್ಚಿ, ತಿರುವಿ, ಒಳಬದಿಯನ್ನು ಮೇಲೆ ಮಾಡಿ ಹೊಲಿದು ಕೊಡುತ್ತಾರೆ. ನನ್ನ ಎರಡು ಅಂಗಿಗಳಿಗೆ ಹೀಗೆ ಮಾಡಿಸಿದ್ದೇನೆ. ಹತ್ತಿರ ನಿಂತು ನೋಡಿದರೂ ಗೊತ್ತಾಗುವುದಿಲ್ಲ.

ಬ್ಯಾಗಿನಲ್ಲಿ ಮಧ್ಯಮ ಬೆಲೆಯದ್ದೇ ಸಾಕಾಯಿತು. ಜಿಪ್ ಹೋಯಿತು ಅಂತ ಬ್ಯಾಗನ್ನೇ ಬಿಸಾಡುವವರು ತುಂಬ ಜನ, ನಾನೂ ಹಾಗೆ ಎರಡು ಬ್ಯಾಗ್ ಬಿಸಾಡಿದ್ದೆ. ಆದರೆ ಎಷ್ಟೋ ಸಲ ಹಲ್ಲು ಸರಿಯಾಗಿಯೇ ಇರುತ್ತವೆ, ಸವೆದಿರುವುದು ರನ್ನರ್. ಅದೊಂದನ್ನು ಬದಲಾಯಿಸಿದರೆ ಕೆಲಸ ಮುಗಿಯಿತು. ಕೊಳ್ಳುವಾಗ ಪಟ್ಟಿ ಸೇರುವ ಜಾಗವನ್ನು ತಿರುವಿ ನೋಡಿ. ಅಲ್ಲಿ ಹೊಲಿಗೆ ಹಿಂದೆ ಮುಂದೆ ಹಾಯ್ದು ಚೌಕದೊಳಗೆ ಅಡ್ಡಗೆರೆ ಥರ ಇದ್ದರೆ ಅದು ಭಾರ ತಡೆಯುತ್ತೆ. ಒಂದೇ ಸಾಲು ಹೊಲಿಗೆ ಇದ್ದರೆ ಬಿಡಿ.

ಕೊಡೆಯಲ್ಲಿ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ. ಎಷ್ಟೇ ಗಟ್ಟಿ ಕೊಂಡರೂ ಎಲ್ಲೋ ಬಿಟ್ಟು ಬರುತ್ತೇನೆ.

ಯಾರಿಗೆ ಯಾವುದು

ಇಷ್ಟು ನೋಡಿದ ಮೇಲೆ ನಾನು ಬೆಲೆಯ ಚೀಟಿ ಆಮೇಲೆ ನೋಡುತ್ತೇನೆ. ಮೊದಲು ಕೇಳಿಕೊಳ್ಳುವುದು ಒಂದೇ: ಇದರಲ್ಲಿ ಮೊದಲು ಕೆಡುವ ಭಾಗ ಯಾವುದು, ಅದನ್ನು ಬಿಚ್ಚಿ ಬೇರೆ ಹಾಕೋಕೆ ಬರುತ್ತಾ? ಬರುತ್ತೆ ಅಂದರೆ ಅಗ್ಗದ್ದಾದರೂ ಕೊಳ್ಳುತ್ತೇನೆ. ಬರಲ್ಲ ಅಂದರೆ ಎಷ್ಟು ಚೆಂದ ಇದ್ದರೂ ಕೆಳಗಿಡುತ್ತೇನೆ. ಬೇಕು ಅನ್ನಿಸಿದ್ದನ್ನು ಒಂದು ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿಟ್ಟು ಮೂವತ್ತು ದಿನ ಬಿಡುತ್ತೇನೆ. ಕಳೆದ ವರ್ಷ ಬರೆದ ಇಪ್ಪತ್ತಮೂರರಲ್ಲಿ ಕೊಂಡದ್ದು ಐದು. ಉಳಿದವುಗಳಲ್ಲಿ ಕೆಲವನ್ನು ಓದಿದಾಗ ಯಾಕೆ ಬೇಕಿತ್ತು ಅಂತಲೇ ತಿಳಿಯಲಿಲ್ಲ.

ಆದರೆ ಒಂದೇ ಸಲ ನಾಲ್ಕು ಪಟ್ಟು ದುಡ್ಡು ಹಾಕೋಕೆ ಎಲ್ಲರ ಕೈಯಲ್ಲೂ ಆಗುವುದಿಲ್ಲ. ತಿಂಗಳ ಕೊನೆಗೆ ಅಟ್ಟೆ ಕಿತ್ತುಹೋದವರಿಗೆ "ಐದು ವರ್ಷಕ್ಕೆ ಲೆಕ್ಕ ಹಾಕಿ" ಅನ್ನುವುದು ಕ್ರೂರ ಅನ್ನಿಸುತ್ತೆ. ಅವರು ಅಗ್ಗದ್ದು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬೆಳೆಯುವ ಮಕ್ಕಳ ಶೂಗೂ ಈ ಲೆಕ್ಕ ಹೊಂದುವುದಿಲ್ಲ, ಹೊಲಿಗೆ ಬಿಚ್ಚುವ ಮೊದಲೇ ಕಾಲು ದೊಡ್ಡದಾಗಿರುತ್ತೆ. ವರ್ಷಕ್ಕೆ ಎರಡು ಸಲ ಬೇಕಾಗುವ ಡ್ರಿಲ್ ಥರದ ಸಾಮಾನನ್ನು ಕೊಳ್ಳಲೇಬೇಡಿ. ಕೇಳಿ ತಂದು, ಕೆಲಸ ಆದ ಮೇಲೆ ಒರೆಸಿ ವಾಪಸ್ ಕೊಡಿ.

ಈಗ ನನ್ನ ಹತ್ತಿರ ಎರಡು ಜೋಡಿ ಶೂ ಇವೆ. ಒಂದನ್ನು ನಿನ್ನೆ ಮೂರನೇ ಸಲ ಅಟ್ಟೆ ಬದಲಾಯಿಸೋಕೆ ಕೊಟ್ಟು ಬಂದೆ. ಅದೇ ಹಿರಿಯರು ಅಂಚನ್ನು ಬೆಳಕಿಗೆ ಹಿಡಿದು ತೂತುಗಳನ್ನು ಉಗುರಿನಿಂದ ಸವರುತ್ತಾ ಹೋದರು. ಎಡಗಡೆ ಮುಂಭಾಗದಲ್ಲಿ ಬೆರಳು ನಿಂತಿತು.

"ಈ ಸಲ ಇಲ್ಲಿ ಪಟ್ಟಿನೂ ಬೇರೆ ಹಾಕಬೇಕು. ತೂತು ದೊಡ್ಡದಾಗಿದೆ, ದಾರ ಹಿಡಿಯಲ್ಲ. ಮೇಲಿನ ಚರ್ಮ ಗಟ್ಟಿ ಇದೆ, ಚಿಂತೆ ಇಲ್ಲ. ಬುಧವಾರ ಬನ್ನಿ."