ಕ್ರಿಸ್‌ಮಸ್ ದಿನ ಲಂಡನ್ನಿನಲ್ಲಿ ಒಬ್ಬರೇ ಇರ್ತೀರಾ? ಟಿಕೆಟ್ ಮಾಡುವ ಮೊದಲು ಇದನ್ನು ಓದಿ

ಡಿಸೆಂಬರ್‌ನಲ್ಲಿ ಒಬ್ಬರೇ ಲಂಡನ್ನಿಗೆ ಹೊರಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. 25ನೇ ತಾರೀಕು ಆ ಊರಿನಲ್ಲಿ ಟ್ಯೂಬ್ (ಅಂದರೆ ಅಲ್ಲಿನ ಮೆಟ್ರೊ) ಇಲ್ಲ, ಸಿಟಿ ಬಸ್ ಇಲ್ಲ, ರೈಲೂ ಇಲ್ಲ. ಕಡಿಮೆ ಇರುತ್ತವೆ ಅಂತಲ್ಲ, ಪೂರ್ತಿ ಬಂದ್. ನನಗೆ ಇದು ಗೊತ್ತಾಗಿದ್ದು ಅದೇ ದಿನ ಬೆಳಿಗ್ಗೆ, ದೊಡ್ಡ ಸೂಟ್‌ಕೇಸ್ ಹಿಡಿದು ಸ್ಟೇಷನ್ ಬಾಗಿಲಲ್ಲಿ ನಿಂತಾಗ.

ನಾನು ಉಳಿದಿದ್ದು ಪೂರ್ವ ಲಂಡನ್ನಿನ ಬೆಥ್ನಲ್ ಗ್ರೀನ್‌ನಲ್ಲಿ. 26ರ ಬೆಳಿಗ್ಗೆ ಬೇಗ ಹೀಥ್ರೂನಿಂದ ವಿಮಾನ ಇತ್ತು. ಅದಕ್ಕೇ 25ರ ರಾತ್ರಿಗೆ ಏರ್‌ಪೋರ್ಟ್ ಹತ್ತಿರ ಹೋಟೆಲ್ ಬುಕ್ ಮಾಡಿದ್ದೆ. ಬೆಳಿಗ್ಗೆ ರೂಮ್ ಖಾಲಿ ಮಾಡಿ, ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ ಹತ್ತಿರ ಲಗೇಜ್ ಇಟ್ಟುಕೊಳ್ಳುವ ಒಂದು ಅಂಗಡಿಯಲ್ಲಿ ಸೂಟ್‌ಕೇಸ್ ಬಿಟ್ಟು, ಬ್ರಿಟಿಷ್ ಮ್ಯೂಸಿಯಂ ನೋಡಿಕೊಂಡು, ಸಂಜೆ ಎಲಿಜಬೆತ್ ಲೈನ್ ರೈಲು ಹತ್ತಿದರೆ ನೇರ ಹೀಥ್ರೂ. ಇಷ್ಟೇ ಲೆಕ್ಕ. ಒಂದು ವಾರ ಮುಂಚೆ ಫೋನಿನ ಮ್ಯಾಪಿನಲ್ಲಿ ದಾರಿಯನ್ನೂ ನೋಡಿದ್ದೆ. ಅದು ಆ ಹೊತ್ತಿಗೆ ಓಡುತ್ತಿದ್ದ ರೈಲುಗಳನ್ನು ತೋರಿಸಿತ್ತು. 25ರ ತಾರೀಕು ಹಾಕಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಟ್ಯೂಬ್ ಸ್ಟೇಷನ್ನಿಗೆ ಬೀಗ. ಸರಿ, ನಡೆದೇ ಹೋಗೋಣ ಅಂತ ಸೂಟ್‌ಕೇಸ್ ಎಳೆದುಕೊಂಡು ಹೊರಟೆ. ಸುಮಾರು ಎರಡು ಕಿಲೋಮೀಟರ್. ರಸ್ತೆ ಎಷ್ಟು ಖಾಲಿ ಇತ್ತು ಅಂದರೆ ಚಕ್ರದ ಗಡಗಡ ಸದ್ದೊಂದೇ ಕೇಳುತ್ತಿತ್ತು. ಲಗೇಜ್ ಅಂಗಡಿಗೆ ಹೋದರೆ ಶಟರ್ ಎಳೆದಿತ್ತು. ಅದರ ಮೇಲೆ ಅಂಟಿಸಿದ್ದ ಬಿಳಿ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ‘27ಕ್ಕೆ ತೆರೆಯುತ್ತೇವೆ’ ಅಂತ ಬರೆದಿದ್ದರು. ನಾನು ಆನ್‌ಲೈನ್‌ನಲ್ಲಿ 25ಕ್ಕೇ ಬುಕ್ ಮಾಡಿದ್ದೆ. ದುಡ್ಡು ಕಟ್ ಆಗಿತ್ತು, ಬುಕಿಂಗ್ ಆಗಿದೆ ಅಂತ ಮೇಲ್ ಬಂದಿತ್ತು. ಅಂಗಡಿಯವರ ಫೋನ್ ಬರೀ ರಿಂಗ್ ಆಯಿತು. ನೆನಪಿಡಿ, ವೆಬ್‌ಸೈಟ್ ದುಡ್ಡು ತಗೊಂಡಿತು ಅಂದ ಮಾತ್ರಕ್ಕೆ ಅಂಗಡಿ ತೆರೆದಿರುತ್ತದೆ ಅಂತೇನಿಲ್ಲ. ಹಬ್ಬದ ದಿನ ಅಂದಮೇಲೆ ಮೊದಲೇ ಒಂದು ಫೋನ್ ಮಾಡಿ ಕೇಳಲೇಬೇಕು.

ಬ್ರಿಟಿಷ್ ಮ್ಯೂಸಿಯಂ ಡಿಸೆಂಬರ್ 24ರಿಂದ 26ರವರೆಗೆ ಮುಚ್ಚಿರುತ್ತದೆ. ನ್ಯಾಷನಲ್ ಗ್ಯಾಲರಿ, ಲಂಡನ್ ಟವರ್ ಕೂಡ ಹಾಗೇ. ದೊಡ್ಡ ಸೂಪರ್ ಮಾರ್ಕೆಟ್‌ಗಳಿಗೂ ಹೋಗುವ ಹಾಗಿಲ್ಲ. 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಕ್ರಿಸ್‌ಮಸ್ ದಿನ ತೆರೆಯಬಾರದು ಅಂತ 2004ರಲ್ಲಿ ಕಾನೂನೇ ಮಾಡಿದ್ದಾರೆ. ಒಂದು ಮೂಲೆಯ ಚಿಕ್ಕ ಅಂಗಡಿಯಲ್ಲಿ ಬಿಸ್ಕತ್ತು, ನೀರು ಸಿಕ್ಕಿತು. ಮಧ್ಯಾಹ್ನದ ಊಟ ಅದೇ.

ಆಮೇಲೆ ಟ್ಯಾಕ್ಸಿ ಆ್ಯಪ್ ತೆಗೆದೆ. ಮೊದಲು 96 ಪೌಂಡ್ ಅಂತ ತೋರಿಸಿತು, ಹತ್ತು ನಿಮಿಷ ಬಿಟ್ಟು ನೋಡಿದರೆ 118. ಬುಕ್ ಮಾಡಿದರೆ ಡ್ರೈವರ್‌ಗಳು ಒಪ್ಪಿಕೊಂಡು ಕ್ಯಾನ್ಸಲ್ ಮಾಡುತ್ತಿದ್ದರು. ಮೂರು ಸಲ ಹೀಗೇ ಆಯಿತು. ಚಳಿಗೆ ಫೋನಿನ ಚಾರ್ಜ್ ಬೇರೆ ಸರಸರ ಇಳಿಯುತ್ತಿತ್ತು. ಆ ಕಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಇಬ್ಬರಿದ್ದಿದ್ದರೆ ಒಬ್ಬರು ಸೂಟ್‌ಕೇಸ್ ನೋಡಿಕೊಂಡು ನಿಲ್ಲಬಹುದಿತ್ತು, ಇನ್ನೊಬ್ಬರು ಎಲ್ಲಾದರೂ ಕರೆಂಟ್ ಸಿಗುತ್ತಾ ಅಂತ ನೋಡಬಹುದಿತ್ತು. ಒಬ್ಬರೇ ಇದ್ದಾಗ ಬಾತ್‌ರೂಮಿಗೆ ಹೋಗುವುದೂ ಯೋಚನೆಯೇ.

ಅಷ್ಟರಲ್ಲಿ ಒಂದು ಬೂದು ಬಣ್ಣದ ಕಾರು ಪಕ್ಕದಲ್ಲಿ ಬಂದು ನಿಂತಿತು. "ಏರ್‌ಪೋರ್ಟಾ? 80 ಪೌಂಡ್, ಕ್ಯಾಶ್" ಅಂದ. ತುಂಬಾ ಮರ್ಯಾದೆಯಿಂದ ಮಾತಾಡಿದ. ನಾನು ಹೂಂ ಅನ್ನುವುದರೊಳಗೆ ಸೂಟ್‌ಕೇಸ್ ಡಿಕ್ಕಿಗೆ ಹೋಗಿತ್ತು. ಅರ್ಧ ದಾರಿ ಆದಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, "ಹಬ್ಬದ ರೇಟು, 150 ಆಗುತ್ತದೆ. ಅಗೋ ಎಟಿಎಂ" ಅಂದ. ದನಿ ಬದಲಾಗಿತ್ತು. ನನ್ನ ಲ್ಯಾಪ್‌ಟಾಪ್, ಔಷಧಿ, ಬಟ್ಟೆ ಎಲ್ಲಾ ಅವನ ಡಿಕ್ಕಿಯಲ್ಲಿ. ಎಟಿಎಂವರೆಗಿನ ಇಪ್ಪತ್ತು ಹೆಜ್ಜೆಯೂ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ನಡೆದೆ, ಕಾರು ಎಲ್ಲಿ ಹೊರಟುಬಿಡುತ್ತದೋ ಅಂತ. ಪಿನ್ ಒಂದು ಸಲ ತಪ್ಪು ಒತ್ತಿದೆ. ದುಡ್ಡು ಕೊಟ್ಟಮೇಲೆ ಹೋಟೆಲ್ಲಿಗೆ ಬಿಟ್ಟ, ನಿಜ. ಆದರೆ ಆ ಉಳಿದರ್ಧ ದಾರಿ ನನ್ನ ಕೈ ಬಾಗಿಲ ಹಿಡಿಯ ಮೇಲೇ ಇತ್ತು.

ಆಮೇಲೆ ತಿಳಿದುಕೊಂಡೆ. ಲಂಡನ್ನಿನಲ್ಲಿ ರಸ್ತೆಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಮೀಟರ್ ಇರುವ ಬ್ಲ್ಯಾಕ್ ಕ್ಯಾಬ್ ಮಾತ್ರ. ಬೇರೆ ಯಾವ ಟ್ಯಾಕ್ಸಿಯಾದರೂ ಮೊದಲೇ ಬುಕ್ ಆಗಿರಬೇಕು. ರಸ್ತೆಯಲ್ಲಿ ನಿಲ್ಲಿಸಿ ಗಿರಾಕಿ ಹತ್ತಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ನಾನು ಕಾರಿನ ನಂಬರ್ ಕೂಡ ನೋಡಿಕೊಂಡಿರಲಿಲ್ಲ. ದೂರು ಕೊಡಲು ಕೈಯಲ್ಲಿ ಏನೂ ಇರಲಿಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. 25ರಂದು ರೂಮ್ ಬದಲಿಸಲೇಬೇಡಿ. ಒಂದು ರಾತ್ರಿ ಜಾಸ್ತಿ ದುಡ್ಡು ಹೋದರೂ ಪರವಾಗಿಲ್ಲ. ಏರ್‌ಪೋರ್ಟ್ ಹತ್ತಿರ ಇರಲೇಬೇಕಾದರೆ 24ಕ್ಕೇ ಹೋಗಿಬಿಡಿ, ಅದೂ ಸಂಜೆಯೊಳಗೆ. ಅವತ್ತು ರೈಲುಗಳು ಮಾಮೂಲಿಗಿಂತ ಬೇಗ ನಿಲ್ಲುತ್ತವೆ. 25ಕ್ಕೇ ವಿಮಾನ ಇದ್ದರೆ ಕಾರನ್ನು ಕೆಲವು ದಿನ ಮುಂಚೆಯೇ ಬುಕ್ ಮಾಡಿ, ರೇಟು ಬರಹದಲ್ಲಿ ಪಡೆಯಿರಿ. ಎರಡು ದಿನಕ್ಕಾಗುವಷ್ಟು ತಿನ್ನುವುದನ್ನು, ಬೇಕಾದ ಮಾತ್ರೆಗಳನ್ನು 24ಕ್ಕೇ ತಂದಿಟ್ಟುಕೊಳ್ಳಿ. ಮೆಡಿಕಲ್ ಶಾಪ್‌ಗಳು ಹೆಚ್ಚಿನವು ಮುಚ್ಚಿರುತ್ತವೆ. ಹುಷಾರಿಲ್ಲ ಅಂದರೆ 111ಕ್ಕೆ, ಜೀವಕ್ಕೆ ಅಪಾಯ ಅನಿಸಿದರೆ 999ಕ್ಕೆ ಫೋನ್ ಮಾಡಿ.

ದಿನವಿಡೀ ರೂಮಿನಲ್ಲೇ ಕೂರಬೇಕು ಅಂತೇನಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ ರೂಮ್ ಮಾಡಿದರೆ ಹೈಡ್ ಪಾರ್ಕ್ ತೆರೆದಿರುತ್ತದೆ. ಅಲ್ಲಿನ ಸರ್ಪೆಂಟೈನ್ ಕೆರೆಯ ಕೊರೆಯುವ ನೀರಿನಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಈಜಿನ ಪಂದ್ಯ ನಡೆಯುತ್ತದೆ, 1864ರಲ್ಲಿ ಶುರುವಾದದ್ದು. ಸೇಂಟ್ ಪಾಲ್ಸ್ ಚರ್ಚಿನಲ್ಲಿ ಪ್ರಾರ್ಥನೆಗೆ ಹೋಗಿ ಕೂರಲು ಟಿಕೆಟ್ ಬೇಡ. ಚೈನಾಟೌನ್ ಕಡೆ ಕೆಲವು ಹೋಟೆಲ್‌ಗಳಲ್ಲಿ ಬಿಸಿ ಊಟ ಸಿಗುತ್ತದೆ.

26ಕ್ಕೆ ಹೊರಡುವವರು ಅವತ್ತಿನದ್ದನ್ನೂ ನೋಡಿಕೊಳ್ಳಿ. ಟ್ಯೂಬ್, ಬಸ್ ಮತ್ತೆ ಶುರುವಾಗುತ್ತವೆ, ಆದರೆ ಕಡಿಮೆ. ಬೇರೆ ಊರುಗಳ ರೈಲುಗಳು ಅವತ್ತೂ ಬಹುತೇಕ ಇರುವುದಿಲ್ಲ.