ಪೇಂಟ್ ಬೂತ್ ಮಾಡಿಸುವವರೇ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಮಂಗಳೂರಿನ ಹತ್ತಿರ ನನ್ನದೊಂದು ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜ್ ಇದೆ. ಇನ್ಶೂರೆನ್ಸ್ ಕೆಲಸ ಜಾಸ್ತಿ ಬರಲಿ ಎಂದು ಎರಡು ವರ್ಷದ ಹಿಂದೆ ಸ್ಪ್ರೇ ಬೂತ್, ಅಂದರೆ ಧೂಳು ತಾಗದ ಹಾಗೆ ಗಾಡಿಗೆ ಪೇಂಟ್ ಹೊಡೆಯುವ ಮುಚ್ಚಿದ ಕೋಣೆ, ಕಟ್ಟಿಸಿದೆ. "ನಿಮ್ಮ ಜಾಗಕ್ಕೆ ತಕ್ಕ ಹಾಗೆ ಡಿಸೈನ್ ಮಾಡಿಕೊಡ್ತೇನೆ ಸಾರ್" ಎಂದರು ಒಬ್ಬ ಫ್ಯಾಬ್ರಿಕೇಟರ್. ಎಂಟೂವರೆ ಲಕ್ಷ ಕೊಟ್ಟೆ. ಅವರ ಹೆಸರು ಬರೆಯುವುದಿಲ್ಲ. ಆದದ್ದನ್ನು ಬರೆಯುತ್ತೇನೆ.

ಅವರು ಟೇಪ್ ಹಿಡಿದು ಶೆಡ್ಡಿನ ಉದ್ದ, ಅಗಲ ಅಳೆದರು. ಅಷ್ಟೇ. ಗಾಳಿ ಎಲ್ಲಿಂದ ಒಳಗೆ ಬರಬೇಕು, ಎಲ್ಲಿ ಹೊರಗೆ ಹೋಗಬೇಕು, ಯಾವ ಪೇಂಟ್ ಹೊಡೆಯುತ್ತೀರಿ, ಒಂದನ್ನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಿಳಿ ಪ್ಯಾನೆಲ್, ಗಾಜಿನ ಬಾಗಿಲು, ನೆಲಕ್ಕೆ ಜಾಲರಿ ನೋಡಿ ಖುಷಿಪಟ್ಟೆ.

ಮೊದಲ ಗಾಡಿ ಕಪ್ಪು ಬಣ್ಣದ್ದು. ಬಾನೆಟ್ ತುಂಬಾ ಧೂಳಿನ ಕಾಳು. ಉಜ್ಜಿ ಮತ್ತೆ ಹೊಡೆದೆವು, ಮತ್ತೆ ಧೂಳು. ಕಾರಣ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಗಾಳಿ ಎಳೆಯಲು ಎರಡು ಫ್ಯಾನ್ ಇತ್ತು, ಒಳಗೆ ತಳ್ಳಲು ಏನೂ ಇರಲಿಲ್ಲ. ಹಾಗಾಗಿ ಬೂತ್ ಬಾಗಿಲಿನ ಸಂದಿಯಿಂದ ಹೊರಗಿನ ಪುಟ್ಟಿ ಧೂಳನ್ನೆಲ್ಲ ಹೀರಿಕೊಳ್ಳುತ್ತಿತ್ತು. ಮೇಲಿನಿಂದ ಬ್ಲೋವರ್ ಫಿಲ್ಟರ್ ಮೂಲಕ ತಳ್ಳುವ ಗಾಳಿ, ಕೆಳಗೆ ಎಳೆಯುವ ಗಾಳಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಆಗ ಸಂದಿಯಿಂದ ಗಾಳಿ ಹೊರಗೆ ಹೋಗುತ್ತದೆ, ಧೂಳು ಒಳಗೆ ಬರುವುದಿಲ್ಲ.

ಇದರ ಜೊತೆಗೆ ಫಿಶ್ ಐ. ಕ್ಲಿಯರ್ ಕೋಟ್ ಎಂಬ ಕೊನೆಯ ಹೊಳಪಿನ ಪದರದ ಮೇಲೆ ಸಣ್ಣ ಸಣ್ಣ ಗುಳಿ. ಕಂಪ್ರೆಸರ್‌ನಿಂದ ಎಣ್ಣೆ ಬರುತ್ತಿದೆ ಎಂದು ಅದರ ಫಿಲ್ಟರ್ ಬದಲಿಸಿದೆವು, ಗನ್ ಬದಲಿಸಿದೆವು, ಥಿನ್ನರ್ ಬದಲಿಸಿದೆವು. ಕೊನೆಗೆ ನೋಡಿದರೆ ಪ್ಯಾನೆಲ್‌ಗಳ ಸಂದಿಗೆಲ್ಲ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ತುಂಬಿದ್ದಾರೆ! ಪೇಂಟಿಗೆ ಸಿಲಿಕೋನ್ ಆಗುವುದೇ ಇಲ್ಲ. ಬೂತ್ ಮಾಡುವವರಿಗೆ ಇದು ಗೊತ್ತಿರಲೇಬೇಕಲ್ವಾ? ಬ್ಲೇಡ್ ಹಿಡಿದು ಕೆರೆದು ತೆಗೆಯಲು ನಾಲ್ಕು ದಿನ ಹೋಯಿತು.

ಜೂನ್ ಬಂತು. ನೆಲದ ಜಾಲರಿಯ ಕೆಳಗೆ ಗಾಳಿ ಹೊರಹೋಗುವ ಗುಂಡಿ, ಅಂದರೆ ಪಿಟ್ಟಿನಲ್ಲಿ ನೀರು ಒಸರತೊಡಗಿತು. ಬೇಸಿಗೆಯಲ್ಲಿ ತೋಡಿದ್ದು, ವಾಟರ್‌ಪ್ರೂಫಿಂಗ್ ಇಲ್ಲ. ಕರಾವಳಿಯಲ್ಲಿ ಪಿಟ್ ಬೇಕೆಂದರೆ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಏರುತ್ತದೆ ಎಂದು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ನೆಲದ ಮೇಲೆ ಕಬ್ಬಿಣದ ಕಟ್ಟೆ ಮಾಡಿ ಗಾಡಿಯನ್ನು ರ‍್ಯಾಂಪ್ ಹತ್ತಿಸುವುದೇ ವಾಸಿ.

ಇದೆಲ್ಲ ದುಡ್ಡಿನ ನಷ್ಟ, ತಡೆದುಕೊಳ್ಳಬಹುದು. ತಡೆಯಲಾಗದ್ದು ಬೇರೆ.

ನಮ್ಮ ಹಿರಿಯ ಪೇಂಟರಿಗೆ ಕೆಮ್ಮು ಶುರುವಾಯಿತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದರು, ರಾತ್ರಿ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ಡಾಕ್ಟರು ಅಸ್ತಮಾ ಎಂದರು, ಕೆಲಸ ಏನು ಎಂದು ಕೇಳಿದರು. ಕ್ಲಿಯರ್ ಕೋಟ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ವಾಸನೆ ಬರುವುದರೊಳಗೆ ಅದು ಅಪಾಯದ ಮಟ್ಟ ದಾಟಿರುತ್ತದೆ. ಒಮ್ಮೆ ಶ್ವಾಸಕೋಶಕ್ಕೆ ಅದು ಒಗ್ಗದಂತಾದರೆ ಆಮೇಲೆ ಚೂರೇ ಚೂರು ಸಾಕು, ಉಸಿರು ಹಿಡಿಯುತ್ತದೆ. ಮೂಗಿಗೆ ಕಟ್ಟುವ ಇದ್ದಿಲಿನ ಮಾಸ್ಕ್ ನಂಬುವ ಹಾಗಿಲ್ಲ. ಪೈಪಿನಲ್ಲಿ ಶುದ್ಧ ಗಾಳಿ ಬರುವ ಮಾಸ್ಕೇ ಬೇಕು. ನಾನು ಅದನ್ನು ಕೊಟ್ಟಿರಲಿಲ್ಲ. ಬೂತ್ ಇದೆಯಲ್ಲ ಎಂದುಕೊಂಡಿದ್ದೆ.

ಆಮೇಲೆ ಬೂತಿನಲ್ಲಿ ಗಾಳಿ ಹೇಗೆ ಓಡುತ್ತದೆ ಎಂದು ನೋಡಲು ಪರಿಚಯದ ಒಬ್ಬ ಎಂಜಿನಿಯರ್ ಬಂದರು. ಮದುವೆ ಸ್ಟೇಜಿಗೆ ಹೊಗೆ ಬಿಡುವ ಯಂತ್ರ ಇರುತ್ತದಲ್ಲ, ಅದನ್ನು ಬಾಡಿಗೆಗೆ ತರಿಸಿದರು. ಬೂತ್ ತುಂಬಾ ಹೊಗೆ ಬಿಟ್ಟು, ಫ್ಯಾನ್ ಹಾಕಿ, ಗಾಜಿನಿಂದ ನೋಡುತ್ತಾ ನಿಂತೆವು. ಕೆಲವೇ ನಿಮಿಷದಲ್ಲಿ ತಿಳಿಯಾಗಬೇಕಿತ್ತು. ಇಪ್ಪತ್ತು ನಿಮಿಷವಾದರೂ ಮೂಲೆಯಲ್ಲಿ ಹೊಗೆ ಸುತ್ತುತ್ತಲೇ ಇತ್ತು. ನಮ್ಮ ಪೇಂಟರ್ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಗನ್ ಕೆಳಗಿಟ್ಟ ಕೂಡಲೇ ಅವರು ಮಾಸ್ಕ್ ತೆಗೆಯುತ್ತಿದ್ದದ್ದು ಅದೇ ಮೂಲೆಯಲ್ಲಿ.

ಲೆಕ್ಕ ಸುಲಭ. ಬೂತಿನ ಒಳಗೆ 7 ಮೀಟರ್ ಉದ್ದ, 4 ಮೀಟರ್ ಅಗಲ ಎಂದರೆ 28 ಚದರ ಮೀಟರ್. ಗಾಳಿ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಕೆಳಗಿಳಿಯಬೇಕು ಎಂದರೆ ಗಂಟೆಗೆ ಸುಮಾರು 30,000 ಘನ ಮೀಟರ್ ಗಾಳಿ ಬೇಕು. ಫ್ಯಾನಿನ ಬಾಕ್ಸ್ ಮೇಲೆ ಬರೆದ ದೊಡ್ಡ ಅಂಕಿಯನ್ನು ನಂಬಬೇಡಿ. ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ಫಿಲ್ಟರ್ ಇಟ್ಟು, ಅದರ ಮೇಲೆ ಪೇಂಟ್ ಕೂತಾಗ ಎಷ್ಟು ಗಾಳಿ ಬರುತ್ತದೆ ಎಂದು ಬರೆದುಕೊಡಲು ಹೇಳಿ. ಗೋಡೆಗೆ ಹಾಕುವ ಸಾದಾ ಎಕ್ಸಾಸ್ಟ್ ಫ್ಯಾನಿಗೆ ಆ ಶಕ್ತಿ ಇಲ್ಲ, ಸೆಂಟ್ರಿಫ್ಯೂಗಲ್ ಬ್ಲೋವರ್ ಬೇಕು.

ಅದೇ ದಿನ ಎಂಜಿನಿಯರ್ ಇನ್ನೊಂದು ತೋರಿಸಿದರು. ಫ್ಯಾನಿನ ಮೋಟಾರ್ ಪಿಟ್ಟಿನ ಗಾಳಿ ಹೋಗುವ ದಾರಿಯಲ್ಲೇ ಇತ್ತು, ಫ್ಲೇಮ್‌ಪ್ರೂಫ್ (ಒಳಗಿನ ಕಿಡಿಯಿಂದ ಹೊರಗಿನ ಆವಿಗೆ ಬೆಂಕಿ ಹತ್ತಿಸದಂಥದ್ದು) ಅಲ್ಲ. ಥಿನ್ನರ್ ಆವಿ ಗಾಳಿಗಿಂತ ಭಾರ, ಇಳಿಯುವುದು ಅಲ್ಲಿಗೇ. ಗೋಡೆಯ ಪ್ಯಾನೆಲ್ ಒಳಗೆ ಬೆಂಕಿ ಹತ್ತದ ರಾಕ್‌ವೂಲ್ ಇದೆ ಎಂದಿದ್ದರು ಫ್ಯಾಬ್ರಿಕೇಟರ್, ಕೊರೆದು ನೋಡಿದರೆ ಥರ್ಮೊಕೋಲ್. ಒಂದು ಕಿಡಿ ಹಾರಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ಫ್ಯಾಬ್ರಿಕೇಟರ್ ಈಗ ಫೋನ್ ಎತ್ತುವುದಿಲ್ಲ. ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ದೆ. ಹೊಸ ಬೂತಿನ ಕರಾರಿನಲ್ಲಿ, ಹೊಗೆ ಪರೀಕ್ಷೆ ನನ್ನ ಕಣ್ಣೆದುರು ಪಾಸಾದ ಮೇಲೆಯೇ ಕೊನೆಯ ಕಾಲು ಭಾಗದ ದುಡ್ಡು ಎಂದು ಬರೆಸಿದ್ದೇನೆ. ಮೊದಲು ಮಾತಾಡಿಸಿದ ಇಬ್ಬರು ಆ ಸಾಲು ನೋಡಿ ಎದ್ದು ಹೋದರು, ಮೂರನೆಯವರು ಒಪ್ಪಿದರು.

ನಮ್ಮ ಪೇಂಟರ್ ಈಗ ಮುಂದಿನ ಆಫೀಸಿನಲ್ಲಿ ಎಸ್ಟಿಮೇಟ್ ಬರೆಯುತ್ತಾರೆ, ಸಂಬಳ ಮೊದಲಿನದೇ. ಇಪ್ಪತ್ತೆರಡು ವರ್ಷ ಗನ್ ಹಿಡಿದ ಕೈ ಅದು. ಹಾರ್ಡನರ್ ಡಬ್ಬಿ ತೆರೆಯುವ ಹೊತ್ತಿಗೆ ಎದ್ದು ರಸ್ತೆಗೆ ಹೋಗುತ್ತಾರೆ.

ನೀವು ಯಾರಾದರೂ ಬೂತಿಗೆ ಆರ್ಡರ್ ಕೊಡುವವರಿದ್ದರೆ ಡ್ರಾಯಿಂಗ್ ನನಗೊಮ್ಮೆ ತೋರಿಸಿ. ಆ ಹೊಗೆ ಯಂತ್ರವನ್ನು ಕೊಂಡೇ ಇಟ್ಟುಕೊಂಡಿದ್ದೇನೆ, ಬೇಕಾದವರು ಒಯ್ಯಬಹುದು, ಬಾಡಿಗೆ ಬೇಡ.